ಎಷ್ಟು ದುಡ್ಡಿಗೆ ಎಷ್ಟು ಬೆಳಕು?

ನಿಕಾನ್ ಕಂಪನಿ 2018ರಲ್ಲಿ ಕೂಲ್‌ಪಿಕ್ಸ್ ಪಿ1000 ಎಂಬ ಕ್ಯಾಮೆರಾ ಹೊರತಂದಿತು. ಅದರ ಲೆನ್ಸನ್ನು ಪೂರ್ತಿ ಚಾಚಿ ಹುಣ್ಣಿಮೆಯ ಚಂದ್ರನತ್ತ ಹಿಡಿದರೆ ಚೌಕಟ್ಟಿನ ಮೇಲಿಂದ ಕೆಳಗಿನವರೆಗೂ ಚಂದ್ರನೇ ತುಂಬಿಕೊಳ್ಳುತ್ತಾನೆ. ಅಲ್ಲಿನ ಕುಳಿಗಳು, ಅವುಗಳಿಂದ ಸುತ್ತಲೂ ಚಿಮ್ಮಿದ ಬಿಳಿ ಗೆರೆಗಳು ನಿಚ್ಚಳವಾಗಿ ಕಾಣುತ್ತವೆ. ಈಗ ಅದೇ ಕ್ಯಾಮೆರಾವನ್ನು ಕತ್ತಲಿಳಿಯುವ ಹೊತ್ತಿಗೆ ಹಿತ್ತಿಲಾಚೆಯ ಹುಣಸೆ ಮರದತ್ತ ತಿರುಗಿಸಿ. ನೂರಡಿ ದೂರದ ಕೊಂಬೆಯ ಮೇಲೆ, ಆಗಷ್ಟೇ ಪೊಟರೆಯಿಂದ ಹೊರಬಂದ ಹಾಲಕ್ಕಿ ಕೂತಿದೆ. ಅದೂ ಚೌಕಟ್ಟು ತುಂಬುತ್ತದೆ. ಆದರೆ ಚಿತ್ರದಲ್ಲಿ ಸಿಗುವುದು ಕಣ್ಣೂ ಗರಿಯೂ ಕಲಸಿಹೋದ ಬೂದು ಮುದ್ದೆ.

ಸುಮಾರು 3,84,000 ಕಿಲೋಮೀಟರ್ ಆಚೆಯದು ಸಿಕ್ಕಿತು, ನೂರಡಿ ಆಚೆಯದು ಸಿಗಲಿಲ್ಲ. ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಹುಣ್ಣಿಮೆಯ ಚಂದ್ರ ಎಂದರೆ ನೆತ್ತಿ ಬಿಸಿಲಲ್ಲಿ ಬಿದ್ದಿರುವ ಕಲ್ಲುಬಂಡೆ; ಅದರ ಮೇಲೆ ಬೀಳುವುದು ನಮ್ಮ ಹಗಲಿನ ಬಿಸಿಲೇ. ಪಿ1000 ಪೂರ್ತಿ ಚಾಚಿಕೊಂಡಾಗ, ಐಎಸ್‌ಒ 100ರಲ್ಲಿ, ಚಂದ್ರನಿಗೆ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕಾಗುತ್ತದೆ. ಮುಸ್ಸಂಜೆ ಮುಗಿಯುವಾಗ ಮರದ ಕೆಳಗಿನ ಬೆಳಕು ಅದರ ಸಾವಿರದಲ್ಲೊಂದು ಪಾಲಿಗೆ ಇಳಿದಿರುತ್ತದೆ. ಅಂದರೆ ಅದೇ ಹೊಂದಾಣಿಕೆಯಲ್ಲಿ ಷಟರ್ 5 ಸೆಕೆಂಡು ತೆರೆದಿರಬೇಕು. ಹಾಲಕ್ಕಿ ಅಷ್ಟು ಹೊತ್ತು ಕತ್ತು ತಿರುಗಿಸದೆ ಕೂರುವುದಿಲ್ಲ, ಕೈಯೂ ನಡುಗದೆ ಇರುವುದಿಲ್ಲ.

ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಮೊದಲು ತೋರಿಸುವುದು ಡಬ್ಬಿಯ ಮೇಲಿನ ಎರಡು ಅಂಕಿ: ಎಷ್ಟು ಮೆಗಾಪಿಕ್ಸೆಲ್, ಎಷ್ಟು ಪಟ್ಟು ಜೂಮ್. ನಾನಾದರೆ ಬೇರೆಯದೇ ಪ್ರಶ್ನೆ ಕೇಳುತ್ತೇನೆ. ಕೊಟ್ಟ ದುಡ್ಡಿಗೆ ಈ ಯಂತ್ರ ಎಷ್ಟು ಬೆಳಕು ತರುತ್ತದೆ? ಐದು ಸಾವಿರದಿಂದ ಹದಿನೈದು ಲಕ್ಷದವರೆಗಿನ ಸಲಕರಣೆಯನ್ನು ಅಳೆಯಲು ಇದಕ್ಕಿಂತ ನಂಬಬಹುದಾದ ಅಳತೆಗೋಲು ನನಗೆ ಸಿಕ್ಕಿಲ್ಲ.

ಒಳಗೆ ನಡೆಯುವುದನ್ನು ನೋಡಿದರೆ ಇದು ತಿಳಿಯುತ್ತದೆ. ಸೆನ್ಸರ್ ಎಂಬುದು ಕೋಟಿಗಟ್ಟಲೆ ಪುಟ್ಟ ಕೋಣೆಗಳಿರುವ ಸಿಲಿಕಾನ್ ಬಿಲ್ಲೆ. ಬೆಳಕಿನ ಕಣವೊಂದು ಕೋಣೆಯೊಳಗೆ ಬಿದ್ದರೆ ಅಲ್ಲೊಂದು ಇಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಷಟರ್ ತೆರೆದಿರುವಷ್ಟು ಹೊತ್ತು ಇಲೆಕ್ಟ್ರಾನುಗಳು ಕೂಡಿಕೊಳ್ಳುತ್ತವೆ, ಮುಚ್ಚಿದ ಮೇಲೆ ಎಣಿಕೆ ಆಗುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಇಂಥ ಎಣಿಕೆಗೆ ದಾರಿ ಮಾಡಿಕೊಟ್ಟ ಸಿಸಿಡಿ ಚಿಪ್ಪನ್ನು ರೂಪಿಸಿದರು. ಅದಕ್ಕೆ 2009ರಲ್ಲಿ ನೊಬೆಲ್ ಬಂತು. ಇಂದಿನ ಫೋನು, ಕ್ಯಾಮೆರಾಗಳಲ್ಲಿರುವ ಸಿಮಾಸ್ ಸೆನ್ಸರ್ 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫೋಸಮ್ ತಂಡದ ಕೈಯಲ್ಲಿ ಬೆಳೆಯಿತು. ಈ ಕೋಣೆಗಳಿಗೆ ಬಣ್ಣ ಗೊತ್ತಿಲ್ಲ. ಹಾಗಾಗಿ ಒಂದೊಂದರ ಮೇಲೂ ಬಣ್ಣದ ಪರದೆ ಹೊದಿಸುತ್ತಾರೆ: ಅರ್ಧದಷ್ಟಕ್ಕೆ ಹಸಿರು, ಕಾಲು ಭಾಗಕ್ಕೆ ಕೆಂಪು, ಇನ್ನು ಕಾಲು ಭಾಗಕ್ಕೆ ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ ಹಾಕಿಕೊಟ್ಟ ವಿನ್ಯಾಸ ಇದು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕೆಂಪನ್ನು ನಿಜಕ್ಕೂ ಕಾಣುವ ಕೋಣೆಗಳು 60 ಲಕ್ಷ ಮಾತ್ರ. ಉಳಿದ ಕಡೆಯ ಕೆಂಪೆಲ್ಲ ಅಕ್ಕಪಕ್ಕ ನೋಡಿ ಹಾಕಿದ ಲೆಕ್ಕ.

ಬೆಳಕಿನ ಕಣಗಳು ಒಂದೇ ಸಮನೆ ಬರುವುದಿಲ್ಲ. ಮೊದಲ ಮಳೆಯ ಹನಿ ಬೀಳಲು ಶುರುವಾದಾಗ ಅಂಗಳದ ಚಪ್ಪಡಿಗಳನ್ನು ಗಮನಿಸಿ. ಒಂದರ ಮೇಲೆ ನಾಲ್ಕು ಹನಿ, ಪಕ್ಕದ್ದರ ಮೇಲೆ ಒಂದೇ, ಮತ್ತೊಂದು ಪೂರ್ತಿ ಒಣ. ಮಳೆ ಜೋರಾದ ಮೇಲೆ ಎಲ್ಲವೂ ಒಂದೇ ಸಮ ತೋಯುತ್ತವೆ. ಸೆನ್ಸರಿನಲ್ಲೂ ಹೀಗೇ. ಕೋಣೆಗೆ ಸರಾಸರಿ 100 ಕಣ ಬಂದರೆ ಏರುಪೇರು 10ರಷ್ಟು, ಅಂದರೆ ಶೇಕಡಾ 10. 10,000 ಬಂದರೆ ಏರುಪೇರು 100, ಅಂದರೆ ಶೇಕಡಾ 1. ಕತ್ತಲ ಚಿತ್ರದಲ್ಲಿ ಕಾಣುವ ಮರಳು ಮರಳಾದ ಚುಕ್ಕೆಗಳು ಬಹುಪಾಲು ಕ್ಯಾಮೆರಾದ ದೋಷವಲ್ಲ, ಬೆಳಕಿನ ಸ್ವಭಾವ. ಐಎಸ್‌ಒ ಏರಿಸಿದರೆ ಒಂದು ಕಣವೂ ಹೆಚ್ಚಿಗೆ ಬರುವುದಿಲ್ಲ. ಇದ್ದುದನ್ನೇ, ಏರುಪೇರಿನ ಸಮೇತ, ದೊಡ್ಡದು ಮಾಡಿ ತೋರಿಸುತ್ತದೆ ಅಷ್ಟೆ.

ಬೆಳಕು ಹೆಚ್ಚು ಬೇಕೆಂದರೆ ಲೆನ್ಸಿನ ಬಾಯಿ ಅಗಲವಾಗಿರಬೇಕು, ಬಂದದ್ದನ್ನು ಹಿಡಿದಿಡಲು ಸೆನ್ಸರ್ ದೊಡ್ಡದಿರಬೇಕು. ಬಾಯಿಯ ಅಗಲ ತಿಳಿಯುವುದು ಸುಲಭ: ಫೋಕಲ್ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಫೋನಿನ ಮುಖ್ಯ ಕ್ಯಾಮೆರಾದ ಬಾಯಿ 4 ಮಿಲಿಮೀಟರ್ ಆಸುಪಾಸು. ಪಿ1000ರದು, ಪೂರ್ತಿ ಚಾಚಿದಾಗ, ನಿಜವಾದ ಫೋಕಲ್ ದೂರ 539 ಮಿ.ಮೀ. ಮತ್ತು ಎಫ್/8, ಬಾಯಿ 67 ಮಿ.ಮೀ. ಸೋನಿಯ 200–600 ಲೆನ್ಸ್ 600ರಲ್ಲಿ, ಎಫ್/6.3ಕ್ಕೆ, 95 ಮಿ.ಮೀ. ಕಬಿನಿಯ ಜೀಪುಗಳಲ್ಲಿ ಕಾಣುವ, ಕೊಡದಷ್ಟು ದಪ್ಪನೆಯ 600 ಮಿ.ಮೀ. ಎಫ್/4 ಲೆನ್ಸಿನದು 150 ಮಿ.ಮೀ.

ಈ ಕೊನೆಯದು ಪಿ1000ಕ್ಕಿಂತ ಐದು ಪಟ್ಟು ಬೆಳಕು ತರುತ್ತದೆ. ಆದರೆ ಬೆಲೆ? ಪಿ1000 ಒಂದು ಲಕ್ಷದೊಳಗೆ ಸಿಗುತ್ತಿತ್ತು, ತೂಕ 1.4 ಕಿಲೋ. ಆ ಲೆನ್ಸ್ ಒಂದೇ 3 ಕಿಲೋ ತೂಗುತ್ತದೆ, ಬೆಲೆ ಹತ್ತು ಲಕ್ಷ ದಾಟುತ್ತದೆ, ಹಿಂದೆ ಜೋಡಿಸುವ ಕ್ಯಾಮೆರಾ ಬೇರೆ. ಹಾಗಾಗಿ ಪಿ1000 ಬಗ್ಗೆ ನನಗೆ ಗೌರವವಿದೆ. ಹಗಲು ಹೊತ್ತಿನಲ್ಲಿ ಕೆರೆ ದಂಡೆಯ ಹಕ್ಕಿಗಳನ್ನು ಗುರುತಿಸಿ ದಾಖಲಿಸುವ ಕೆಲಸಕ್ಕೆ, ಆ ದುಡ್ಡಿಗೆ, ಅದು ನ್ಯಾಯವಾದ ಯಂತ್ರ. ಆದರೆ ಅದರ 16 ಮೆಗಾಪಿಕ್ಸೆಲ್ ಎಂಬ ಮಾತನ್ನು ಪೂರ್ತಿ ಚಾಚಿದ ಸ್ಥಿತಿಯಲ್ಲಿ ನಂಬಬೇಡಿ. ಯಾವ ಲೆನ್ಸೂ ಬೆಳಕಿನ ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ಬೆಳಕು ಅಲೆಯಾದ್ದರಿಂದ ಬಾಯಿಯ ಅಂಚಿನಲ್ಲಿ ಬಾಗಿ, ಸಣ್ಣದೊಂದು ವೃತ್ತವಾಗಿ ಹರಡುತ್ತದೆ. ಎಫ್/8ರಲ್ಲಿ ಹಸಿರು ಬೆಳಕಿನ ಆ ವೃತ್ತ ಸುಮಾರು 10.7 ಮೈಕ್ರಾನ್ ಅಗಲ. ಪಿ1000ರ ಕೋಣೆಯ ಅಗಲ 1.34 ಮೈಕ್ರಾನ್. ಹಕ್ಕಿಯ ಗರಿಯ ಒಂದು ಬಿಂದು ಎಂಟು ಕೋಣೆಗಳಷ್ಟು ಅಗಲಕ್ಕೆ ಮೆತ್ತಿಕೊಂಡರೆ ಅಷ್ಟು ಕೋಣೆಗಳಿದ್ದು ಏನು ಪ್ರಯೋಜನ? ಎ4 ಹಾಳೆಯ ಮೇಲೆ ಅಚ್ಚುಕಟ್ಟಾಗಿ ಮುದ್ರಿಸಲು 9 ಮೆಗಾಪಿಕ್ಸೆಲ್ ಸಾಕು. ಈಗ ಮಾರಾಟಕ್ಕಿರುವ ಯಾವ ಒಳ್ಳೆಯ ಕ್ಯಾಮೆರಾದಲ್ಲೂ ಅದಕ್ಕಿಂತ ಕಡಿಮೆ ಇಲ್ಲ. ಮೆಗಾಪಿಕ್ಸೆಲ್ ಚರ್ಚೆ ಇಲ್ಲಿಗೆ ಮುಗಿಸಬಹುದು.

ಇನ್ನು ಫೋನು. ಬಾಯಿ 4 ಮಿ.ಮೀ. ಇರುವ ಕ್ಯಾಮೆರಾ ರಾತ್ರಿಯ ಬೀದಿಯನ್ನು ಅಷ್ಟು ಚೆನ್ನಾಗಿ ಹೇಗೆ ತೋರಿಸುತ್ತದೆ? ಅದು ಒಂದು ಚಿತ್ರ ತೆಗೆಯುವುದಿಲ್ಲ. ಹಲವನ್ನು ತೆಗೆದು, ಕೈ ಅಲುಗಿದ್ದನ್ನು ಸರಿಹೊಂದಿಸಿ, ಒಂದರ ಮೇಲೊಂದು ಇಟ್ಟು ಸರಾಸರಿ ಮಾಡುತ್ತದೆ. ಒಂಬತ್ತು ಚಿತ್ರ ಸೇರಿಸಿದರೆ ಏರುಪೇರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ 2018ರಲ್ಲಿ ನೈಟ್ ಸೈಟ್ ತಂದ ಮೇಲೆ ಈ ವಿದ್ಯೆ ಮನೆಮಾತಾಯಿತು. ಬಾಯಿ ಕಿರಿದಾದ್ದರಿಂದ ಬರುವ ಕೊರತೆಯನ್ನು ಫೋನು ಹೊತ್ತಿನಿಂದ ತುಂಬಿಸಿಕೊಳ್ಳುತ್ತದೆ. ಅಲುಗದ ದೇವಸ್ಥಾನ, ಹಂಪಿಯ ಕಲ್ಲು, ಊಟದ ಎಲೆ, ಸುಮ್ಮನೆ ನಿಂತ ಜನ, ಇವೆಲ್ಲಕ್ಕೂ ಇದು ಸಾಕು. ಜನರಿಗೆ ಅದು ಸಾಕೆನಿಸಿದ್ದಕ್ಕೆ ಪುರಾವೆಯೂ ಇದೆ. 2010ರಲ್ಲಿ ಜಗತ್ತಿನ ಕ್ಯಾಮೆರಾ ಕಂಪನಿಗಳು 12 ಕೋಟಿ ಡಿಜಿಟಲ್ ಕ್ಯಾಮೆರಾ ಸಾಗಿಸಿದ್ದವು. 2020ರಲ್ಲಿ 90 ಲಕ್ಷವೂ ಇಲ್ಲ. ಜೇಬಿನಲ್ಲಿ ಹಿಡಿಯುವ ಅಗ್ಗದ ಕ್ಯಾಮೆರಾಗಳ ಸೆನ್ಸರ್ ಫೋನಿನಷ್ಟೇ ಚಿಕ್ಕದು, ಆದರೆ ಫೋನಿನ ಗಣಿತ ಅವುಗಳಲ್ಲಿಲ್ಲ. ಕೈಯಲ್ಲಿ ಒಳ್ಳೆಯ ಫೋನು ಇರುವವರು ಅಂಥವಕ್ಕೆ ದುಡ್ಡು ಹಾಕಬಾರದು ಎಂದೇ ನನ್ನ ಅಭಿಪ್ರಾಯ.

ಆದರೆ ಫೋನನ್ನು ಯಕ್ಷಗಾನದ ರಂಗಸ್ಥಳದ ಮುಂದೆ ಹಿಡಿಯಿರಿ. ಪುಂಡುವೇಷದವರು ಧೀಂಗಿಣ ಹಾಕುವಾಗ ಕಾಲು ನೆಲದಿಂದ ಮೇಲೆದ್ದು, ದೇಹ ಗಾಳಿಯಲ್ಲಿ ತಿರುಗಿ, ಮಣಿಸರ ಎದೆಯಿಂದ ಹಾರಿರುತ್ತದೆ. ಒಂಬತ್ತು ಚಿತ್ರ ತೆಗೆಯುವಷ್ಟರಲ್ಲಿ ಕಲಾವಿದ ಒಂಬತ್ತು ಕಡೆ ಇರುತ್ತಾರೆ. ಸರಾಸರಿ ಮಾಡಲು ಒಂದೇ ಆಗಿರುವಂಥದ್ದು ಏನೂ ಇಲ್ಲ. ಇಲ್ಲಿ ಬೇಕಾದ್ದು ಸೆಕೆಂಡಿನ ಐನೂರನೇ ಒಂದು ಭಾಗ, ಒಂದೇ ಸಲ. ದೊಡ್ಡ ಸೆನ್ಸರಿನ ಕ್ಯಾಮೆರಾಗೆ ಅರ್ಥ ಬರುವುದು ಇಂಥ ಕಡೆ.

ಕಲಿಯುವವರು ಕೊಳ್ಳುವ ಕ್ಯಾಮೆರಾಗಳಲ್ಲಿ, ಕ್ಯಾನನ್ 1500ಡಿ ಅಥವಾ ಆರ್50 ಅಂಥವುಗಳಲ್ಲಿ, ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ಇರುತ್ತದೆ: 22.3 × 14.9 ಮಿ.ಮೀ., ಸುಮಾರು 332 ಚದರ ಮಿ.ಮೀ. ಪಿ1000ರ ಸೆನ್ಸರ್ 28 ಚದರ ಮಿ.ಮೀ. ಸೆನ್ಸರಿನ ಮಟ್ಟಿಗೆ ಇದು ದೊಡ್ಡ ನೆಗೆತ. ಆದರೆ 1500ಡಿಯ ಡಬ್ಬಿಯೊಳಗೆ ಬರುವ 18–55 ಲೆನ್ಸ್ ಬಡವ. 55ರ ತುದಿಯಲ್ಲಿ ಅದು ಎಫ್/5.6. ಸಾಧಾರಣ ಬೆಳಕಿನ ರಂಗಸ್ಥಳದಲ್ಲಿ ಐನೂರನೇ ಒಂದು ಭಾಗ ಸೆಕೆಂಡು ಬೇಕೆಂದರೆ ಐಎಸ್‌ಒ 6400ರ ಹತ್ತಿರ ಹೋಗಬೇಕು. ಹೊಸಬರು ಇಲ್ಲಿಯೇ ನಿರಾಶರಾಗುತ್ತಾರೆ. ನಲವತ್ತು-ಐವತ್ತು ಸಾವಿರ ಕೊಟ್ಟೂ ಬಣ್ಣವೆಲ್ಲ ಮರಳು ಮರಳು ಎಂದು ಕೊರಗಿ, ಕ್ಯಾಮೆರಾ ಬದಲಿಸಬೇಕು, ಫುಲ್ ಫ್ರೇಮ್ ಬೇಕು ಎಂಬ ಯೋಚನೆಗೆ ಬೀಳುತ್ತಾರೆ.

ದಯವಿಟ್ಟು ಲೆಕ್ಕ ಹಾಕಿ. ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ., ಅಂದರೆ 864 ಚದರ ಮಿ.ಮೀ. ಎಪಿಎಸ್-ಸಿಗಿಂತ ಎರಡೂವರೆ ಪಟ್ಟು ಚಿಲ್ಲರೆ. ಈ ಲಾಭಕ್ಕೆ ಲಕ್ಷದ ಮೇಲೆ ತೆರಬೇಕು. ಅದೇ ಹಳೆಯ ಎಪಿಎಸ್-ಸಿ ಕ್ಯಾಮೆರಾಗೆ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಎಫ್/5.6ಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು. ಬೆಲೆ ಹತ್ತು ಸಾವಿರದ ಆಸುಪಾಸು. ಐಎಸ್‌ಒ 6400ರಿಂದ 650ರ ಹತ್ತಿರಕ್ಕೆ ಇಳಿಯುತ್ತದೆ. ಕಿರೀಟದ ಮಿಂಚು, ಮುಖವರ್ಣಿಕೆಯ ಕೆಂಪಿನ ಅಂಚು, ಹಣೆಯ ಬೆವರು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಜೂಮ್ ಇಲ್ಲ, ನಿಜ. ನಡೆದು ಹೋಗಿ ಸರಿಯಾದ ಜಾಗ ಹಿಡಿಯಬೇಕು. ಇಡೀ ಕ್ಯಾಮೆರಾ ಮಾರುಕಟ್ಟೆಯಲ್ಲಿ ಒಂದು ರೂಪಾಯಿಗೆ ಅತಿ ಹೆಚ್ಚು ಬೆಳಕು ಕೊಡುವ ವಸ್ತುಗಳಲ್ಲಿ ಈ ಪುಟ್ಟ ಲೆನ್ಸ್ ಒಂದು. ಕಲಿಯುವ ಹುಡುಗ ಹುಡುಗಿಯರಿಗೆ ಎರಡನೆಯ ಖರೀದಿ ಇದೇ ಆಗಲಿ ಎಂದು ನಾನು ಒತ್ತಿ ಹೇಳುತ್ತೇನೆ.

ಹಾಗಾದರೆ ಎರಡು-ಮೂರು ಲಕ್ಷದ ಕ್ಯಾಮೆರಾಗಳು ಯಾರಿಗೆ? ಅಲ್ಲಿ ಬೆಳಕಿನ ಜೊತೆಗೆ ವೇಗಕ್ಕೂ ದುಡ್ಡು ಹೋಗುತ್ತದೆ. ಸಾಧಾರಣ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ಮೊದಲ ಸಾಲು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಾರುವ ಮಿಂಚುಳ್ಳಿಯ ರೆಕ್ಕೆ ಜಾಗ ಬದಲಿಸಿರುತ್ತದೆ. ಸದ್ದಿಲ್ಲದ ಷಟರ್ ಬಳಸಿದರೆ ರೆಕ್ಕೆ ಸೊಟ್ಟಗೆ ಬರುತ್ತದೆ. 2021ರ ನಿಕಾನ್ ಝಡ್9ನಲ್ಲಿ ಸೆನ್ಸರ್ ಓದುವ ವೇಗವನ್ನು ಎಷ್ಟು ಏರಿಸಿದರೆಂದರೆ ಯಾಂತ್ರಿಕ ಷಟರನ್ನೇ ತೆಗೆದುಹಾಕಿದರು. ಫೋಕಸ್ ಕೂಡ ಹಾಗೆಯೇ. ಸೆನ್ಸರಿನ ಕೆಲವು ಕೋಣೆಗಳು ಲೆನ್ಸಿನ ಎಡ ಅಂಚಿನ ಬೆಳಕನ್ನು ಮಾತ್ರ, ಕೆಲವು ಬಲ ಅಂಚಿನದನ್ನು ಮಾತ್ರ ನೋಡುತ್ತವೆ. ಎರಡೂ ಹೇಳುವುದು ತಾಳೆಯಾದರೆ ಫೋಕಸ್ ಸರಿ. ತಾಳೆಯಾಗದಿದ್ದರೆ ಎಷ್ಟು, ಯಾವ ದಿಕ್ಕಿಗೆ ಸರಿಯಬೇಕೆಂಬುದು ಆ ವ್ಯತ್ಯಾಸದಿಂದಲೇ ಗೊತ್ತಾಗುತ್ತದೆ. ಇದರ ಮೇಲೆ ಹಕ್ಕಿಯ ಕಣ್ಣನ್ನು ಹುಡುಕುವ ತಂತ್ರಾಂಶ ಕೂತಿದೆ. ವರ್ಷಗಟ್ಟಲೆ ಪಳಗಿದ ಕೈ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ಮದುವೆ, ಆಟೋಟ, ಕಾಡು ಇವನ್ನೇ ಉದ್ಯೋಗ ಮಾಡಿಕೊಂಡವರಿಗೆ ಅದು ಬೇಕೇ ಬೇಕು. ಒಂದು ತಾಳಿ ಕಟ್ಟುವ ಕ್ಷಣ ತಪ್ಪಿದರೆ ಮತ್ತೆ ಕಟ್ಟಿಸಲಾಗದು.

ಯಂತ್ರಕ್ಕೆ ಬರದ ಒಂದು ಕೆಲಸವಿದೆ. ದೂರ ಅರ್ಧವಾದರೆ ಹಕ್ಕಿ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಫೋಕಲ್ ದೂರವನ್ನು ಇಮ್ಮಡಿಸಲು ಲಕ್ಷಗಳು ಬೇಕು, ದೂರವನ್ನು ಅರ್ಧ ಮಾಡಲು ತಾಳ್ಮೆ ಬೇಕು. ರಂಗನತಿಟ್ಟಿನಲ್ಲಿ ದೋಣಿ ಗೂಡುಕಟ್ಟಿದ ಬಾಯಿಕಳಕ ಕೊಕ್ಕರೆಗಳ ಹತ್ತಿರಕ್ಕೇ ಹೋಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ 55–250ರಂಥ ಅಗ್ಗದ ಲೆನ್ಸೂ ಅಲ್ಲಿ ಚೆನ್ನಾದ ಚಿತ್ರ ಕೊಡುತ್ತದೆ. ವನ್ಯಜೀವಿ ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ತಮ್ಮ ಹೆಸರಾಂತ ಚಿತ್ರಗಳ ಬಹುಪಾಲನ್ನು ಆಟೋಫೋಕಸ್ ಇಲ್ಲದ ಫಿಲ್ಮ್ ಕ್ಯಾಮೆರಾಗಳಲ್ಲಿ ತೆಗೆದವರು. ಪ್ರಾಣಿ ಎಲ್ಲಿಗೆ, ಯಾವ ಹೊತ್ತಿಗೆ ಬರುತ್ತದೆ, ಆಗ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ದುಡ್ಡು ಕಡಿಮೆ ಇರುವವರಿಗೆ ಈಗ ಒಳ್ಳೆಯ ಕಾಲ. ಕಂಪನಿಗಳು ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ಸರಿದಿರುವುದರಿಂದ ಡಿಎಸ್‌ಎಲ್‌ಆರ್‌ಗಳೂ ಅವುಗಳ ಲೆನ್ಸ್‌ಗಳೂ ಸೆಕೆಂಡ್ ಹ್ಯಾಂಡ್ ಆಗಿ ಬೇಕಾದಷ್ಟು ಸಿಗುತ್ತವೆ. ಹತ್ತು ವರ್ಷ ಹಳೆಯ ಎಪಿಎಸ್-ಸಿ ಸೆನ್ಸರ್ ಇಂದಿಗೂ ಒಳ್ಳೆಯ ಸೆನ್ಸರೇ. ಆದರೆ ನಮ್ಮ ಕರಾವಳಿ, ಮಲೆನಾಡಿನಲ್ಲಿ ಬಳಕೆಯಾದ ಲೆನ್ಸ್ ಕೊಳ್ಳುವಾಗ ಒಂದು ಪರೀಕ್ಷೆ ತಪ್ಪಿಸಬೇಡಿ. ಬಾಯಿಯನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಗಾಜಿನ ಒಳಪದರದಲ್ಲಿ ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಅದು ಬೂಷ್ಟು. ಮಳೆಗಾಲದ ತೇವದಲ್ಲಿ ಬೆಳೆದು, ಕೊನೆಗೆ ಗಾಜಿನ ಮೇಲಿನ ಲೇಪನವನ್ನೇ ಕೊರೆದುಹಾಕುತ್ತದೆ; ಆಮೇಲೆ ಒರೆಸಿದರೂ ಗುರುತು ಹೋಗದು. ಅಂಥದ್ದು ಎಷ್ಟೇ ಅಗ್ಗವಾಗಿದ್ದರೂ ಬೇಡ. ನಿಮ್ಮ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದಿಷ್ಟು ಸಿಲಿಕಾ ಜೆಲ್, ಪಕ್ಕದಲ್ಲೊಂದು ಚಿಕ್ಕ ತೇವಮಾಪಕ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಜೆಲ್ ಬಿಸಿಮಾಡಿ ಒಣಗಿಸಿ ಮತ್ತೆ ಇಡಿ.