ಹಳ್ಳಿಯಿಂದ ಚೀನಾ ಕಂಡ ಪ್ರಸೇನ್‌ಜಿತ್ ದುವಾರಾ

ಬೀಜಿಂಗ್‌ನಲ್ಲಿ ಕೂತು ನೋಡಿದರೆ ಚೀನಾದ ಅರ್ಧ ಇತಿಹಾಸ ಕಾಣುವುದೇ ಇಲ್ಲ. ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಓದಿ, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಅಸ್ಸಾಂ ಮೂಲದ ಪ್ರಸೇನ್‌ಜಿತ್ ದುವಾರಾ 1988ರ ತಮ್ಮ ಪುಸ್ತಕದಲ್ಲಿ ಉತ್ತರ ಚೀನಾದ ಹಳ್ಳಿಗಳನ್ನೇ ಹಿಡಿದು ಇದನ್ನು ತೋರಿಸಿಕೊಟ್ಟರು. 20ನೇ ಶತಮಾನದ ಆರಂಭದಿಂದ ಸರ್ಕಾರ ಶಾಲೆ, ಪೊಲೀಸ್ ಎನ್ನುತ್ತಾ ಹಳ್ಳಿಯೊಳಕ್ಕೆ ಕೈಚಾಚಿತು. ಖರ್ಚಿಗೆ ಹೊಸ ಹೊಸ ತೆರಿಗೆ ಹಾಕಿತು. ಗುಡಿಯ ಜಮೀನಿನ ಆದಾಯ ಶಾಲೆಗೆ ಹೋಯಿತು. ಗುವಾನ್‌ಡಿ ದೇವರ ಪೂಜೆಗೆ ಮುಂದೆ ನಿಂತು ಮರ್ಯಾದೆ ಗಳಿಸುತ್ತಿದ್ದ ಊರ ಹಿರಿಯರು, ತೆರಿಗೆ ವಸೂಲಿಯ ನಿಷ್ಠುರ ಬೇಡವೆಂದು ಹಿಂದೆ ಸರಿದರು. ಆ ಜಾಗಕ್ಕೆ ಬಂದವರು ಕಮಿಷನ್ ಹೊಡೆಯುವ ದಲ್ಲಾಳಿಗಳು. ಬಲಗೊಳ್ಳಲು ಹೊರಟ ಸರ್ಕಾರ ಹಳ್ಳಿಯಲ್ಲಿ ತನ್ನ ಬೇರನ್ನೇ ಕಡಿದುಕೊಂಡಿತು ಎಂಬ ಅವರ ವಾದ ನನಗೆ ಪೂರ್ತಿ ಒಪ್ಪಿಗೆ.

ಆದರೆ ಇದಕ್ಕೆ ಆಧಾರ? 1940ರ ದಶಕದ ಆರಂಭದಲ್ಲಿ ಜಪಾನಿನ ದಕ್ಷಿಣ ಮಂಚೂರಿಯಾ ರೈಲ್ವೆ ಕಂಪನಿಯ ಸಂಶೋಧಕರು ನಡೆಸಿದ ಸಮೀಕ್ಷೆ. ನೆಲ ಆಕ್ರಮಿಸಿದವರ ಮುಂದೆ ರೈತ ನಿಜ ಹೇಳುತ್ತಾನೆಯೇ? ನ್ಯಾಯವಾದ ಪ್ರಶ್ನೆ. ಜಮೀನೆಷ್ಟು, ಬೆಳೆಯೆಷ್ಟು ಎಂಬ ಉತ್ತರಗಳನ್ನು ಅನುಮಾನದಿಂದಲೇ ಓದಬೇಕು. ಆದರೆ ಆ ದಾಖಲೆ ಬರೀ ಅಂಕಿಗಳದ್ದಲ್ಲ, ಪ್ರಶ್ನೋತ್ತರಗಳದ್ದು. ಗುಡಿಗೆ ಯಾರು ನಡೆದುಕೊಳ್ಳುತ್ತಾರೆ, ಜಮೀನು ಕ್ರಯಕ್ಕೆ ಮಧ್ಯಸ್ಥರು ಯಾರು ಎಂಬುದನ್ನು ಒಂದೇ ಊರಿನ ಹಲವರು ಹೇಳಿದಾಗ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿಗೆ ಒರೆಹಚ್ಚಿ ನೋಡಬಹುದು. ದುವಾರಾ ಅವರ ವಾದ ನಿಂತಿರುವುದು ಹೆಚ್ಚಾಗಿ ಇಂಥ ಸಂಗತಿಗಳ ಮೇಲೆ.