ಸತ್ತ ಬಂದೂಕು ನಿಜವಾಗ್ಲೂ ಸತ್ತಿದೆಯಾ?

ಹಳೇ ನಾಣ್ಯ, ಸ್ಟಾಂಪು, ಬೆಂಕಿಪೊಟ್ಟಣ ಕೂಡಿಡುವವರನ್ನು ನಾವೆಲ್ಲ ನೋಡಿದ್ದೀವಿ. ಇಂಗ್ಲೆಂಡ್, ಬೆಲ್ಜಿಯಂ, ಅಮೆರಿಕದ ಕಡೆ ಇನ್ನೊಂದು ಥರದ ಸಂಗ್ರಾಹಕರಿದ್ದಾರೆ. ಅವರ ಶೋಕೇಸಲ್ಲಿ ಎರಡನೇ ಮಹಾಯುದ್ಧದ ರೈಫಲ್, ಮೊದಲನೇ ಮಹಾಯುದ್ಧದ ಕೈಬಾಂಬು, ಫಿರಂಗಿ ಶೆಲ್ಲಿನ ಹಿತ್ತಾಳೆ ಕವಚ ಎಲ್ಲ ಇರುತ್ತೆ. ವಸ್ತು ಅಸಲಿ, ಆದರೆ ಸಿಡಿಯೋದಿಲ್ಲ. ಇವನ್ನು ಡೀಆಕ್ಟಿವೇಟ್ ಮಾಡಿದ ವಸ್ತುಗಳು ಅಂತಾರೆ.

ಎಂಜಿನಿಯರಿಂಗ್ ಓದುವ ನಮಗೆ ಇದರಲ್ಲಿ ಒಂದು ಒಳ್ಳೇ ಪ್ರಶ್ನೆ ಇದೆ. ಯಂತ್ರ ಕೆಲಸ ಮಾಡುವ ಹಾಗೆ ಮಾಡೋದನ್ನ ನಾಲ್ಕು ವರ್ಷ ಕಲೀತೀವಿ. ಆದರೆ ಒಂದು ಯಂತ್ರ ಇನ್ಯಾವತ್ತೂ ಕೆಲಸ ಮಾಡಲ್ಲ ಅಂತ ಗ್ಯಾರಂಟಿ ಕೊಡೋದು ಹೇಗೆ?

ಕೆಟ್ಟಿರೋದು ಬೇರೆ, ಕೆಡಿಸಿರೋದು ಬೇರೆ

ತುಕ್ಕು ಹಿಡಿದು ಹಾರದ ಬಂದೂಕು ಬರೀ ಕೆಟ್ಟಿದೆ ಅಷ್ಟೇ. ಎಣ್ಣೆ ಬಿಟ್ಟು, ಸ್ಪ್ರಿಂಗ್ ಬದಲಾಯಿಸಿದರೆ ಮತ್ತೆ ಹಾರಬಹುದು. ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಇದನ್ನು ಚೆನ್ನಾಗಿ ಹಿಡಿದಿದೆ. ಹಳೇ ಕಾಲದ ಅಥವಾ ಕೆಟ್ಟುಹೋದ ಆಯುಧಕ್ಕೆ ಅಲ್ಲಿ ವಿನಾಯಿತಿ ಇದೆ. ಆದರೆ ಒಂದು ಷರತ್ತು: ರಿಪೇರಿ ಮಾಡಿದರೂ ಅದು ಬಂದೂಕಾಗಿ ಬಳಕೆಗೆ ಬರಬಾರದು. ‘ರಿಪೇರಿ ಮಾಡಿದರೂ’ ಅನ್ನೋ ಆ ಎರಡು ಪದದಲ್ಲೇ ಎಲ್ಲ ಇರೋದು.

ಬ್ರಿಟನ್ನಿನಲ್ಲಿ 1988ರ ಕಾನೂನು ಇದಕ್ಕೊಂದು ದಾರಿ ಮಾಡಿತು. ಬಂದೂಕನ್ನು ಕೆಡಿಸಿದ ಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿಗೆ ಕಳಿಸಬೇಕು. ಅಲ್ಲಿ ಪರೀಕ್ಷೆ ಮಾಡಿ, ಮುದ್ರೆ ಒತ್ತಿ, ಸರ್ಟಿಫಿಕೇಟ್ ಕೊಡ್ತಾರೆ. ಕೆಡಿಸೋದು ಅಂದ್ರೆ ಒಂದೇ ಕಡೆ ಅಲ್ಲ. ನಳಿಗೆಯನ್ನು ಉದ್ದಕ್ಕೆ ಸೀಳಿ, ಒಳಗೆ ಗಟ್ಟಿ ಉಕ್ಕಿನ ಸರಳು ಇಟ್ಟು ವೆಲ್ಡ್ ಮಾಡ್ತಾರೆ. ತೋಟಾದ ಬೆನ್ನಿಗೆ ಆಸರೆ ಕೊಡುವ ಬೋಲ್ಟಿನ ಮುಖವನ್ನು ಓರೆಯಾಗಿ ಉಜ್ಜಿ ತೆಗೀತಾರೆ. ಫೈರಿಂಗ್ ಪಿನ್ನಿನ ತೂತು ಮುಚ್ತಾರೆ. ಇಷ್ಟೆಲ್ಲ ಯಾಕೆ ಅಂದ್ರೆ, ಒಂದು ಭಾಗ ಬದಲಾಯಿಸಿದರೂ ಉಳಿದವು ಅಡ್ಡ ನಿಲ್ಲಬೇಕು. ರಿಡಂಡೆನ್ಸಿ ಅಂತ ನಾವು ಓದ್ತೀವಲ್ಲ, ಅದೇ, ಉಲ್ಟಾ ದಿಕ್ಕಲ್ಲಿ.

ಈ ನಿಯಮ ಸಡಿಲವಾದರೆ ಏನಾಗುತ್ತೆ ಅನ್ನೋದು ಜನವರಿ 2015ರ ಪ್ಯಾರಿಸ್ ದಾಳಿಯಲ್ಲಿ ಗೊತ್ತಾಯ್ತು. ಬರೀ ಶಬ್ದ ಮಾಡುವ ಹಾಗೆ ಬದಲಾಯಿಸಿ ಸ್ಲೊವಾಕಿಯಾದಲ್ಲಿ ಮಾರಿದ್ದ ಕೆಲವು ಬಂದೂಕುಗಳನ್ನು ಮತ್ತೆ ಗುಂಡು ಹಾರಿಸುವ ಹಾಗೆ ಮಾಡಿ ದಾಳಿಕೋರರು ಬಳಸಿದ್ದರು. ಮುಂದೆ ಯುರೋಪಿಯನ್ ಒಕ್ಕೂಟ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಕಟ್ಟುನಿಟ್ಟಿನ ವಿಧಾನ ತಂದಿತು. 8 ಏಪ್ರಿಲ್ 2016ರಿಂದ ಅದು ಜಾರಿಗೆ ಬಂತು. ಬೋಲ್ಟು, ಟ್ರಿಗರ್ ಎಲ್ಲ ವೆಲ್ಡ್ ಆಗಿ ಅಲುಗಾಡದ ಹಾಗಾಯ್ತು. ಸಂಗ್ರಾಹಕರಿಗೆ ಬೇಜಾರು, ‘ಇದು ಯಂತ್ರ ಅಲ್ಲ, ಬರೀ ಕಬ್ಬಿಣದ ತುಂಡು’ ಅಂತ. ಒಳಗಿನ ಮೆಕ್ಯಾನಿಸಂ ನೋಡೋ ಆಸೆ ನಮಗೂ ಅರ್ಥ ಆಗುತ್ತೆ. ಆದರೂ ಪ್ಯಾರಿಸ್ ಆದಮೇಲೆ ಆ ವಾದ ನಿಲ್ಲೋದು ಕಷ್ಟ.

ಕೈಬಾಂಬಿನ ಒಳಗೆ, ಹಿತ್ತಾಳೆಯ ಹಿಂದೆ

ಸಂಗ್ರಾಹಕರಿಗೆ ತುಂಬ ಇಷ್ಟದ ವಸ್ತು ಮಿಲ್ಸ್ ಬಾಂಬ್. 1915ರಲ್ಲಿ ಬರ್ಮಿಂಗ್‌ಹ್ಯಾಮಿನ ವಿಲಿಯಂ ಮಿಲ್ಸ್ ತಯಾರಿಕೆ ಶುರುಮಾಡಿದ, ಎರಕದ ಕಬ್ಬಿಣದ ಗ್ರೆನೇಡ್ ಇದು. ಪಿನ್ನು ಲಿವರನ್ನು ಹಿಡಿದಿರುತ್ತೆ, ಲಿವರು ಸ್ಪ್ರಿಂಗ್ ಒತ್ತಡದಲ್ಲಿರುವ ಸ್ಟ್ರೈಕರನ್ನು ತಡೆದಿರುತ್ತೆ. ಲಿವರ್ ಹಾರಿದರೆ ಸ್ಟ್ರೈಕರ್ ಕ್ಯಾಪಿಗೆ ಹೊಡೆದು, ಬತ್ತಿ ಕೆಲವು ಸೆಕೆಂಡು ಉರಿದು, ಡಿಟೋನೇಟರ್ ಮೂಲಕ ಮದ್ದಿಗೆ ಬೆಂಕಿ ಮುಟ್ಟುತ್ತೆ. ಶೋಕೇಸಿನ ಗ್ರೆನೇಡಲ್ಲಿ ಕ್ಯಾಪು, ಬತ್ತಿ, ಡಿಟೋನೇಟರು, ಮದ್ದು ಯಾವುದೂ ಇರಬಾರದು. ಅದು ಇಲ್ಲ ಅನ್ನೋದನ್ನ ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ.

ಶೆಲ್ಲಿನ ಕವಚ ಹಾಗಲ್ಲ, ಅದರ ಕಥೆ ಮೈಮೇಲೇ ಇರುತ್ತೆ. ತೋಟಾ ಹಿತ್ತಾಳೆಯಲ್ಲಿ ಹೆಚ್ಚುಕಡಿಮೆ ಶೇ. 70 ತಾಮ್ರ, ಶೇ. 30 ಸತು. ಗುಂಡು ಹಾರುವಾಗ ಅದು ಹಿಗ್ಗಿ ನಳಿಗೆಗೆ ಅಂಟಿ, ಅನಿಲ ಹಿಂದೆ ನುಗ್ಗದ ಹಾಗೆ ಮುಚ್ಚುತ್ತೆ. ಒತ್ತಡ ಇಳಿದ ಮೇಲೆ ಚೂರು ಕುಗ್ಗುತ್ತೆ, ಅದಕ್ಕೇ ಸಲೀಸಾಗಿ ಹೊರಗೆ ಬರುತ್ತೆ. ತಳದಲ್ಲಿ ಸಾಮಾನ್ಯವಾಗಿ ಕಾರ್ಖಾನೆಯ ಗುರುತು, ವರ್ಷ ಕೆತ್ತಿರುತ್ತಾರೆ. ಮೊದಲನೇ ಮಹಾಯುದ್ಧದಲ್ಲಿ ಇಂಥ ಕವಚಗಳಿಗೆ ಹೂಬಳ್ಳಿ ಕೆತ್ತಿ ಹೂದಾನಿ ಮಾಡ್ತಿದ್ದರು. ಅದನ್ನು ಟ್ರೆಂಚ್ ಆರ್ಟ್ ಅಂತ ಕರೀತಾರೆ.

ವಯಸ್ಸಾದರೆ ಸಾಯಲ್ಲ

‘ನೂರು ವರ್ಷ ಹಳೇದು, ಇನ್ನೇನಿರುತ್ತೆ’ ಅನ್ನೋದು ಈ ಹವ್ಯಾಸದ ದೊಡ್ಡ ಮೋಸ. ಬೆಲ್ಜಿಯಂನ ಹೊಲಗಳಲ್ಲಿ ನೇಗಿಲಿಗೆ ಇವತ್ತಿಗೂ ಶೆಲ್ ಸಿಗ್ತವೆ. ಅಲ್ಲಿನ ಸೇನೆ ಪ್ರತಿವರ್ಷ ಟನ್‌ಗಟ್ಟಲೆ ಎತ್ತಿ ನಾಶ ಮಾಡುತ್ತೆ. ಮಾರ್ಚ್ 2014ರಲ್ಲಿ ಈಪ್ರ್ ಪಟ್ಟಣದ ಕಟ್ಟಡ ಕೆಲಸದ ಜಾಗದಲ್ಲಿ ಅಂಥ ಶೆಲ್ ಸಿಡಿದು ಇಬ್ಬರು ಸತ್ತರು. ಆ ಕಾಲದ ಕೆಲವು ಶೆಲ್‌ಗಳಲ್ಲಿದ್ದ ಪಿಕ್ರಿಕ್ ಆಮ್ಲ ಲೋಹದ ಜೊತೆ ಸೇರಿ ಪಿಕ್ರೇಟ್ ಲವಣ ಆಗುತ್ತೆ. ಅವುಗಳಲ್ಲಿ ಕೆಲವು ಉಜ್ಜಿದರೇ ಸಿಡಿಯುವಷ್ಟು ಸೂಕ್ಷ್ಮ. ಅಂದ್ರೆ ವಯಸ್ಸಾದಷ್ಟೂ ಅಪಾಯ ಜಾಸ್ತಿ ಆಗಬಹುದು.

ಕಪ್ಪು ಮದ್ದಿನದ್ದು ಬೇರೆ ಕಥೆ. ಅದರ ಪೆಟ್ಲುಪ್ಪು ನೀರಲ್ಲಿ ಕರಗುತ್ತೆ, ಆದರೆ ಒಣಗಿದ್ದರೆ ಎಷ್ಟು ವರ್ಷವಾದರೂ ಕೆಡಲ್ಲ. 2008ರಲ್ಲಿ ವರ್ಜೀನಿಯಾದ ಒಬ್ಬ ಅನುಭವಿ ಸಂಗ್ರಾಹಕ, ಅಮೆರಿಕದ ಅಂತರ್ಯುದ್ಧದ ಫಿರಂಗಿ ಗುಂಡೊಂದನ್ನು ಮನೆ ಮುಂದೆ ದುರಸ್ತಿ ಮಾಡುವಾಗ ಅದು ಸಿಡಿದು ಸತ್ತ. ಆ ಗುಂಡಿಗೆ ಸುಮಾರು 140 ವರ್ಷ. ನೌಕಾಪಡೆಯ ಗುಂಡಾದ್ದರಿಂದ ನೀರು ಹೋಗದ ಹಾಗೆ ಭದ್ರ ಮಾಡಿದ್ದರು. ಒಳ್ಳೇ ಡಿಸೈನೇ ಮುಳುವಾಯ್ತು.

ನಮ್ಮ ಕಡೆ

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಒಂದು ಪಾಳುಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಬಾವಿಯ ಮಣ್ಣಿಗೇ ಮದ್ದಿನ ವಾಸನೆ ಇತ್ತು ಅಂತ ಆಗ ವರದಿಯಾಗಿತ್ತು. ಅವನ್ನು ಎತ್ತಿದ್ದು ಪುರಾತತ್ವ ಇಲಾಖೆ. ಸಿಕ್ಕವರು ಸಿಕ್ಕಷ್ಟು ಮನೆಗೊಯ್ದಿದ್ದರೆ ಅಪಾಯವೂ ಆಗ್ತಿತ್ತು, ಇತಿಹಾಸವೂ ಚೆಲ್ಲಾಪಿಲ್ಲಿ ಆಗ್ತಿತ್ತು. ಎಲ್ಲಿ, ಯಾವುದರ ಪಕ್ಕ ಸಿಕ್ಕಿತು ಅನ್ನೋದು ಕಳೆದುಹೋದರೆ ರಾಕೆಟ್ ಬರೀ ಕಬ್ಬಿಣದ ಕೊಳವೆ.

ಯುದ್ಧಯಂತ್ರ ಹತ್ತಿರದಿಂದ ನೋಡೋ ಆಸೆ ಇದ್ದರೆ ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಂ ಅಂಗಳದಲ್ಲಿ ಟ್ಯಾಂಕ್ ಇದೆ. ನೆಟ್ಟಲ್ಲಿ ಆರ್ಡರ್ ಮಾಡೋಕೆ ಮುಂಚೆ ಮಾತ್ರ ಯೋಚಿಸಿ. ನಮ್ಮ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಜೀವಂತ ಗುಂಡು ಒಂದೇ ಒಂದು ಇಟ್ಟುಕೊಂಡರೂ ಕೇಸು. ವಿಮಾನದ ಕೈಚೀಲದಲ್ಲಂತೂ ನಕಲಿ ಗುಂಡಿಗೂ ಜಾಗ ಇಲ್ಲ, ಬುಲೆಟ್ ಕೀಚೈನ್ ಹಾಕಿಕೊಂಡಿರೋರು ಗಮನಿಸಿ.

ಟ್ರೆಕ್ಕಿಂಗಲ್ಲೋ, ಅಜ್ಜನ ಮನೆ ಅಟ್ಟದಲ್ಲೋ ಶೆಲ್ ಥರದ್ದು ಕಂಡರೆ ಅಲುಗಾಡಿಸಬೇಡಿ, ಉಜ್ಜಿ ನೋಡಬೇಡಿ, ಹಾಸ್ಟೆಲ್ಲಿಗಂತೂ ತರಲೇಬೇಡಿ. ದೂರದಿಂದ ಒಂದು ಫೋಟೋ ತೆಗೆದು, ಜಾಗ ಗುರುತಿಟ್ಟು, ಇನ್ನೂ ದೂರ ಹೋಗಿ 112ಕ್ಕೆ ಫೋನ್ ಮಾಡಿ. ಅದು ಸತ್ತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ ಬೇರೆ ಜನ ಇದ್ದಾರೆ.