ಉತ್ತರ ಕೊಡದ ಮಂತ್ರಿ, ಕಣ್ಣು ಕೀಳದ ಕ್ಯಾಮೆರಾ

ಚಿತ್ರದ ಆರಂಭದಲ್ಲೇ ಒಂದು ಅಪ್ಪಣೆ. ಕೋಟು, ಟೈ, ಹಿಂದಕ್ಕೆ ಬಾಚಿದ ಕೂದಲು. ವಯಸ್ಸು 85. ರೆಕಾರ್ಡಿಂಗ್ ನಡುವೆ ಎಲ್ಲೋ ನಿಂತಿದೆ, ವಾಕ್ಯ ಅರ್ಧಕ್ಕೇ ತುಂಡಾಗಿದೆ. ಮತ್ತೆ ಮೊದಲಿನಿಂದ ಹೇಳುವ ಅಗತ್ಯವಿಲ್ಲ, ಎಲ್ಲಿ ಬಿಟ್ಟೆ ಎಂಬುದು ನನಗೆ ಗೊತ್ತು, ಜೋಡಿಸುವ ಕೆಲಸ ನೀವು ಮಾಡಿಕೊಳ್ಳಿ ಎಂದು ನಿರ್ದೇಶಕರಿಗೇ ಹೇಳಿ, ಅರ್ಧ ವಾಕ್ಯದಿಂದಲೇ ಹಿರಿಯರು ಮಾತು ಮುಂದುವರಿಸುತ್ತಾರೆ.

ಬೇರೆಯವರಾಗಿದ್ದರೆ ಈ ತುಣುಕನ್ನು ಎಡಿಟಿಂಗ್‌ನಲ್ಲಿ ತೆಗೆದುಹಾಕುತ್ತಿದ್ದರು. ನಿರ್ದೇಶಕ ಎರಾಲ್ ಮಾರಿಸ್ ಅದನ್ನೇ ಚಿತ್ರದ ಆರಂಭಕ್ಕೆ ತಂದಿಟ್ಟರು. ಎದುರು ಕೂತವರು ಎಂಥ ಆಸಾಮಿ ಎಂಬುದು ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಅವರು ರಾಬರ್ಟ್ ಮೆಕ್‌ನಮಾರಾ. ಫೋರ್ಡ್ ಕಂಪನಿಯ ಅಧ್ಯಕ್ಷ ಹುದ್ದೆಗೇರಿದ ಕೆಲವೇ ವಾರಗಳಲ್ಲಿ ಕೆನಡಿ ಸರ್ಕಾರ ಸೇರಿದವರು. 1961ರಿಂದ 1968ರವರೆಗೆ, ಕೆನಡಿ ಮತ್ತು ಜಾನ್ಸನ್ ಇಬ್ಬರ ಕಾಲದಲ್ಲೂ, ಅಮೆರಿಕದ ರಕ್ಷಣಾ ಕಾರ್ಯದರ್ಶಿ. ನಮ್ಮ ಲೆಕ್ಕದಲ್ಲಿ ರಕ್ಷಣಾ ಮಂತ್ರಿ. ವಿಯೆಟ್ನಾಂ ಯುದ್ಧ ಬೆಳೆದದ್ದು ಅವರ ಕಣ್ಣೆದುರು, ಬಹುಪಾಲು ಅವರ ಕೈಯಿಂದಲೇ. ಆಮೇಲೆ 13 ವರ್ಷ ವಿಶ್ವಬ್ಯಾಂಕ್ ಮುಖ್ಯಸ್ಥರು. ಅವರೊಂದಿಗಿನ ಮಾತುಕತೆಯಿಂದ ಮಾರಿಸ್ ಕಟ್ಟಿದ ‘ದಿ ಫಾಗ್ ಆಫ್ ವಾರ್’ 2003ರಲ್ಲಿ ತೆರೆಕಂಡು, ಮರುವರ್ಷ ಆಸ್ಕರ್ ಗೆದ್ದಿತು. ಸರ್ಕಾರದ ಒಳಗಿದ್ದವರನ್ನು ಕ್ಯಾಮೆರಾ ಮುಂದೆ ಹೇಗೆ ಕೂರಿಸಬೇಕು ಎಂದು ಕೇಳುವವರಿಗೆ ಇವತ್ತಿಗೂ ಮೊದಲು ತೋರಿಸಬೇಕಾದ ಚಿತ್ರ ಇದು.

ಕನ್ನಡಿಯ ಉಪಾಯ

ಸಾಮಾನ್ಯವಾಗಿ ಸಂದರ್ಶಕರು ಕ್ಯಾಮೆರಾದ ಪಕ್ಕದಲ್ಲಿ ಕೂರುತ್ತಾರೆ. ಮಾತಾಡುವವರು ಅವರನ್ನು ನೋಡಿ ಮಾತಾಡುವುದರಿಂದ ತೆರೆಯ ಮೇಲೆ ದೃಷ್ಟಿ ಎತ್ತಲೋ ಹೋದಂತೆ ಕಾಣುತ್ತದೆ. ಸುದ್ದಿ ಓದುವವರು ಬಳಸುವ ಟೆಲಿಪ್ರಾಂಪ್ಟರನ್ನು ಮಾರಿಸ್ ಬೇರೆ ಕೆಲಸಕ್ಕೆ ಹಚ್ಚಿದರು. ಲೆನ್ಸಿನ ಮುಂದೆ ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಅಕ್ಷರಗಳ ಬದಲು ಅವರದೇ ಮುಖ ಮೂಡುತ್ತದೆ. ಅವರು ಕೂತಿರುವುದು ಇನ್ನೊಂದು ಕ್ಯಾಮೆರಾದ ಎದುರು. ಗಾಜಿನ ಮೇಲಿನ ಮುಖವನ್ನು ನೋಡಿ ಉತ್ತರಿಸುವವರು ತಮಗೇ ತಿಳಿಯದಂತೆ ನೇರವಾಗಿ ಲೆನ್ಸನ್ನೇ ನೋಡುತ್ತಿರುತ್ತಾರೆ. ಈ ಏರ್ಪಾಟಿನ ಹೆಸರು ಇಂಟರೊಟ್ರಾನ್.

ಪರಿಣಾಮ ದೊಡ್ಡದು. ಮಾಜಿ ಮಂತ್ರಿ ನೋಡುಗರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ. ಜಾರಿಕೊಳ್ಳುವಾಗಲೂ ನಮ್ಮ ಮುಖ ನೋಡಿಕೊಂಡೇ ಜಾರಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಸಮಯ. ಚಿಕ್ಕದೊಂದು ಸಂದರ್ಶನಕ್ಕೆಂದು ಒಪ್ಪಿ ಬಂದ ಮೆಕ್‌ನಮಾರಾ ಕೊನೆಗೆ ಒಟ್ಟು 20 ಗಂಟೆಗೂ ಮಿಕ್ಕಿ ಮಾತಾಡಿದರು. ಪತ್ರಿಕಾಗೋಷ್ಠಿಯಲ್ಲಿ ಪಳಗಿದವರ ಬಾಯಲ್ಲಿ ಮೊದಮೊದಲು ಬರುವುದು ಸಿದ್ಧ ಉತ್ತರ. ಕೇಳಿದ ಪ್ರಶ್ನೆಗೆ ಉತ್ತರಿಸಬೇಡಿ, ಕೇಳಬೇಕಿತ್ತು ಎಂದು ನಿಮಗನಿಸಿದ ಪ್ರಶ್ನೆಗೆ ಉತ್ತರಿಸಿ ಎಂಬ ತಮ್ಮ ನಿಯಮವನ್ನು ಮೆಕ್‌ನಮಾರಾ ಚಿತ್ರದಲ್ಲಿ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾರೆ. ಅಂಥವರ ದಾಸ್ತಾನು ಖಾಲಿಯಾಗುವವರೆಗೂ ಕಾಯದೆ ಬೇರೆ ದಾರಿಯಿಲ್ಲ.

ಮಾರಿಸ್‌ಗೆ ಕಾಯುವುದು ಹೊಸದಲ್ಲ. ಹಿಂದೆ ಖಾಸಗಿ ಪತ್ತೇದಾರರಾಗಿ ದುಡಿದವರು. ಅವರ ‘ದಿ ಥಿನ್ ಬ್ಲೂ ಲೈನ್’ (1988) ಬಂದ ಮರುವರ್ಷ, ಕೊಲೆ ಆರೋಪದಲ್ಲಿ ಜೈಲು ಸೇರಿದ್ದ ನಿರಪರಾಧಿಯೊಬ್ಬರು ಬಿಡುಗಡೆಯಾದರು.

ಅಳು ಎಲ್ಲಿ, ಕಾನೂನು ಎಲ್ಲಿ

1945ರ ಮಾರ್ಚ್ 9ರ ರಾತ್ರಿ ಅಮೆರಿಕದ ವಿಮಾನಗಳು ಟೋಕಿಯೊ ಮೇಲೆ ಬೆಂಕಿಬಾಂಬು ಸುರಿಸಿದವು. ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಆಗ ಜನರಲ್ ಕರ್ಟಿಸ್ ಲಿಮೇ ಕೈಕೆಳಗೆ ಅಂಕಿಅಂಶದ ಕೆಲಸದಲ್ಲಿದ್ದವರು ಮೆಕ್‌ನಮಾರಾ. ಯುದ್ಧದಲ್ಲಿ ಸೋತಿದ್ದರೆ ನಮ್ಮನ್ನೆಲ್ಲ ಯುದ್ಧಾಪರಾಧಿಗಳೆಂದು ಕಟಕಟೆಗೆ ಎಳೆಯುತ್ತಿದ್ದರು ಎಂದು ಲಿಮೇ ಹೇಳಿದ್ದನ್ನು ನೆನೆದು, ಆ ಮಾತು ಸರಿ ಎಂದೂ ಸೇರಿಸುತ್ತಾರೆ. ಅದೇ ಕೆಲಸ ಸೋತರೆ ಅನೈತಿಕ, ಗೆದ್ದರೆ ಅಲ್ಲ ಎಂದಾಗುವುದು ಹೇಗೆ ಎಂದು ಅವರೇ ಕೇಳುತ್ತಾರೆ. ಮಾರಿಸ್ ಆಗ ತೆರೆಯ ಮೇಲೆ ವಿಮಾನದ ಹೊಟ್ಟೆಯಿಂದ ಬಾಂಬಿನ ಬದಲು ಅಂಕಿಗಳನ್ನು ಉದುರಿಸುತ್ತಾರೆ.

ಆರ್ಲಿಂಗ್ಟನ್‌ನಲ್ಲಿ ಕೆನಡಿ ಸಮಾಧಿಗೆ ಜಾಗ ಗೊತ್ತುಮಾಡಿದ್ದನ್ನು ಹೇಳುವಾಗ ಮೆಕ್‌ನಮಾರಾ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಆದರೆ ವಿಯೆಟ್ನಾಂ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್ ವಿಷದ ಮಾತು ಬಂದಾಗ ದನಿಯೇ ಬದಲಾಗುತ್ತದೆ. ಯಾವ ರಾಸಾಯನಿಕ ಬಳಸಬಹುದು, ಯಾವುದು ಕೂಡದು ಎಂದು ಹೇಳುವ ಕಾನೂನು ಆಗ ಇತ್ತೇ ಎಂಬ ಜಿಜ್ಞಾಸೆ ಶುರುವಾಗುತ್ತದೆ. ತಾವು ಅನುಮತಿ ಕೊಟ್ಟ ನೆನಪಿಲ್ಲ, ತಮ್ಮ ಕಾಲದಲ್ಲಿ ನಡೆದದ್ದಂತೂ ಹೌದು ಎನ್ನುತ್ತಾರೆ. ಅದೇ ಮುಖ, ಅದೇ ಕುರ್ಚಿ. ಎರಡನ್ನೂ ನೋಡಿದವರಿಗೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಮಾರಿಸ್ ನೆನಪನ್ನೊಂದನ್ನೇ ನಂಬಿ ಕೂರಲಿಲ್ಲ. ಶ್ವೇತಭವನದ ಧ್ವನಿಮುದ್ರಿಕೆಗಳನ್ನು ತೆಗೆಸಿದರು. 1963ರ ಅಕ್ಟೋಬರ್ ಟೇಪಿನಲ್ಲಿ, ಅಮೆರಿಕದ ಒಂದು ಸಾವಿರ ಸಲಹೆಗಾರರನ್ನು ವಿಯೆಟ್ನಾಂನಿಂದ ವಾಪಸ್ ಕರೆಸೋಣ ಎಂದು ಮೆಕ್‌ನಮಾರಾ ಕೆನಡಿ ಎದುರು ವಾದಿಸುವುದು ಕೇಳುತ್ತದೆ. ಮುಂದಿನ ಫೆಬ್ರವರಿಯ ಟೇಪಿನಲ್ಲಿ, ಆ ವಾಪಸಾತಿ ಮಾತು ತಮಗೆ ಯಾವತ್ತೂ ಸರಿ ಕಂಡಿರಲಿಲ್ಲ ಎಂದು ಜಾನ್ಸನ್ ಮೆಕ್‌ನಮಾರಾಗೆ ಹೇಳುವುದೂ ಕೇಳುತ್ತದೆ. ಇನ್ನು ಮಾತನ್ನು ಕತ್ತರಿಸಿದ ಕಡೆ ಮಾರಿಸ್ ಅದನ್ನು ಮುಚ್ಚಿಡುವುದಿಲ್ಲ. ಫ್ರೇಮು ಹಾರುತ್ತದೆ, ಮುಖ ಜಾಗ ಬದಲಿಸುತ್ತದೆ. ಇಲ್ಲಿ ಕತ್ತರಿ ಆಡಿದೆ ಎಂಬುದು ನೋಡುಗರಿಗೆ ತಿಳಿಯುತ್ತದೆ.

ಎಲ್ಲರೂ ಬಾಯಿ ಬಿಡುವುದಿಲ್ಲ

ಇದೇ ಪಟ್ಟು ಎಲ್ಲರ ಮೇಲೂ ನಡೆಯುತ್ತದೆಂದಲ್ಲ. ಇರಾಕ್ ಯುದ್ಧದ ಕಾಲದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರನ್ನೂ ಮಾರಿಸ್ 30ಕ್ಕೂ ಹೆಚ್ಚು ಗಂಟೆ ಮಾತಾಡಿಸಿ ‘ದಿ ಅನ್‌ನೋನ್ ನೋನ್’ (2013) ಮಾಡಿದರು. ಸಿಕ್ಕಿದ್ದು ಹೆಚ್ಚಾಗಿ ಮುಗುಳುನಗೆ ಮತ್ತು ಮಾತಿನ ಚಮತ್ಕಾರ. ನನ್ನ ಜೊತೆ ಯಾಕೆ ಮಾತಾಡುತ್ತಿದ್ದೀರಿ ಎಂದು ಕೇಳಿದರೆ, ತಮಗೂ ಗೊತ್ತಿಲ್ಲ ಎಂದರು. ಇತ್ತ ಇಸ್ರೇಲಿನ ದ್ರೋರ್ ಮೊರೆ, ಮಾರಿಸ್ ಚಿತ್ರದಿಂದ ಸ್ಫೂರ್ತಿ ಪಡೆದು, ಆಂತರಿಕ ಭದ್ರತಾ ಸಂಸ್ಥೆ ಶಿನ್ ಬೆತ್‌ನ ಆರು ಮಾಜಿ ಮುಖ್ಯಸ್ಥರನ್ನು ಮಾತಾಡಿಸಿದರು. ‘ದಿ ಗೇಟ್‌ಕೀಪರ್ಸ್’ (2012) ಚಿತ್ರದಲ್ಲಿ ಅವರು ಸ್ವಂತ ಸರ್ಕಾರದ ಆಕ್ರಮಣ ನೀತಿಯನ್ನೇ ಟೀಕಿಸಿದರು.

ಮೆಕ್‌ನಮಾರಾ ನಿಂತದ್ದು ಈ ಎರಡು ತುದಿಗಳ ನಡುವೆ. 1995ರ ತಮ್ಮ ಪುಸ್ತಕದಲ್ಲಿ ವಿಯೆಟ್ನಾಂ ವಿಚಾರದಲ್ಲಿ ತಪ್ಪಿದೆವು ಎಂದು ಆಗಲೇ ಬರೆದಿದ್ದರು. ಅದು ಅವರೇ ಪ್ರಶ್ನೆ ಕೇಳಿಕೊಂಡು ಅವರೇ ಉತ್ತರಿಸಿದ ಪುಸ್ತಕ. ಚಿತ್ರದ ಕೊನೆಯಲ್ಲಿ ಮಾರಿಸ್ ಕೇಳಿದರು: ಹುದ್ದೆ ಬಿಟ್ಟ ಮೇಲಾದರೂ ಯುದ್ಧದ ವಿರುದ್ಧ ಯಾಕೆ ಮಾತಾಡಲಿಲ್ಲ? ಹೇಳಿದರೂ ಬೈಗುಳ, ಹೇಳದಿದ್ದರೂ ಬೈಗುಳ, ಹೇಳದೆ ಬೈಸಿಕೊಳ್ಳುವುದೇ ವಾಸಿ ಎಂಬರ್ಥದ ಮಾತಾಡಿ ಮೆಕ್‌ನಮಾರಾ ಸುಮ್ಮನಾದರು. ಆ ನಿರಾಕರಣೆ ಪುಸ್ತಕದಲ್ಲಿ ಬರಲು ಸಾಧ್ಯವೇ ಇರಲಿಲ್ಲ. ಕೇಳುವವರೊಬ್ಬರು ಇದ್ದುದರಿಂದ ಅದು ದಾಖಲಾಯಿತು.

ನಮ್ಮಲ್ಲೂ ನಿವೃತ್ತ ಅಧಿಕಾರಿಗಳು, ಮಾಜಿ ಮಂತ್ರಿಗಳು ಆತ್ಮಕಥೆ ಬರೆಯುತ್ತಾರೆ. ಅಡ್ಡಿಗಳೂ ಇವೆ. 1923ರ ಅಧಿಕೃತ ರಹಸ್ಯ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ಸಂಸ್ಥೆಯ ಕೆಲಸದ ಬಗ್ಗೆ ಪ್ರಕಟಿಸಲು ಮುಖ್ಯಸ್ಥರ ಪೂರ್ವಾನುಮತಿ ಪಡೆಯಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ಪಿಂಚಣಿ ನಿಯಮ ತಿದ್ದಿತು. ಆದರೆ ಎಲ್ಲ ಕಡತವೂ ರಹಸ್ಯವಲ್ಲ. ಅಣೆಕಟ್ಟು, ಭೂಸ್ವಾಧೀನ, ಬರ ಪರಿಹಾರದ ಕಡತಗಳಿಗೆ ಸಹಿ ಹಾಕಿದವರು ನಮ್ಮ ಊರುಗಳಲ್ಲೇ ಇದ್ದಾರೆ, ವಯಸ್ಸಾಗುತ್ತಿದೆ. ಕ್ಯಾಮೆರಾ ಇರುವ ಯುವಕ ಯುವತಿಯರು ಕಡತ ಓದಿಕೊಂಡು ಹೋಗಿ, ಪುರುಸೊತ್ತಾಗಿ ಕೂತು ಅವರನ್ನು ಮಾತಾಡಿಸಲಿ. ಉತ್ತರ ಸಿಗದ ಪ್ರಶ್ನೆಯನ್ನು ಮಾತ್ರ ಎಡಿಟಿಂಗ್‌ನಲ್ಲಿ ತೆಗೆಯದಿರಲಿ.